ಗಡ್ಡೆಯನ್ನು ಹೋಲುವ ಬೆನ್ನುಮೂಳೆಯ ಡಿಸ್ಕ್ ತೊಂದರೆ: ರೋಗನಿರ್ಣಯ ಹಾಗೂ ಚಿಕಿತ್ಸಾ ಸೌಲಭ್ಯ ಪಡೆಯುವ ವಿಧಾನ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ. ಎಂ.ಆರ್.ಐ. ವರದಿಯಲ್ಲಿ "ಗಡ್ಡೆಯ ಶಂಕೆ" ಎಂದು ನಮೂದಾದ ಮಾತ್ರಕ್ಕೆ ಅದು ಕ್ಯಾನ್ಸರ್ ಎಂದು ನಿರ್ಧಾರವಾಗುವುದಿಲ್ಲ.

1. ಗಡ್ಡೆಯಂತೆ ಕಾಣಲು ಕಾರಣ

ಮನುಷ್ಯನ ಬೆನ್ನುಮೂಳೆಯಲ್ಲಿ ಕಶೇರುಕಗಳ ನಡುವೆ ಮೆತ್ತೆಯಂತಿರುವ 23 ಡಿಸ್ಕ್‌ಗಳಿರುತ್ತವೆ. ಡಿಸ್ಕ್‌ನ ಹೊರಕವಚ ಹರಿದಾಗ ಒಳಗಿನ ಮೃದು ಭಾಗವು ಹೊರಚಾಚಿ ನರವನ್ನು ಒತ್ತುತ್ತದೆ. ಕೆಲವೊಮ್ಮೆ ಅದರ ತುಣುಕು ಸಂಪೂರ್ಣ ಬೇರ್ಪಟ್ಟು, ಬೆನ್ನುಹುರಿಯ ನಾಳದಲ್ಲಿ ಮೇಲಕ್ಕೆ ಅಥವಾ ಕೆಳಕ್ಕೆ ಸರಿಯುತ್ತದೆ. ವಿರಳವಾಗಿ ಬೆನ್ನುಹುರಿಯ ಹೊರಪೊರೆಯ ಹಿಂಭಾಗಕ್ಕೂ ತಲುಪುತ್ತದೆ. ಮೂಲ ಡಿಸ್ಕ್‌ನಿಂದ ದೂರವಿರುವ ಇಂತಹ ತುಣುಕು ಚಿತ್ರದಲ್ಲಿ ನರಗಡ್ಡೆಯಂತೆ, ಕೀವುಗಡ್ಡೆಯಂತೆ ಅಥವಾ ಬೇರೆ ಅಂಗದಿಂದ ಹರಡಿದ ಕ್ಯಾನ್ಸರಿನಂತೆ ಕಾಣಬಹುದು.

2. ರೋಗನಿರ್ಣಯ

ಸಾಧಾರಣ ಎಕ್ಸ್‌-ರೇಯಲ್ಲಿ ಡಿಸ್ಕ್ ತುಣುಕು ಕಾಣುವುದಿಲ್ಲ. ಸಂಶಯವಿದ್ದಲ್ಲಿ ಗ್ಯಾಡೊಲಿನಿಯಂ ಔಷಧವನ್ನು ರಕ್ತನಾಳಕ್ಕೆ ನೀಡಿ ಎಂ.ಆರ್.ಐ. ಮಾಡಲಾಗುತ್ತದೆ. ಡಿಸ್ಕ್ ತುಣುಕಿಗೆ ರಕ್ತಸಂಚಾರವಿಲ್ಲದಿರುವುದರಿಂದ ಸಾಮಾನ್ಯವಾಗಿ ಅದರ ಅಂಚು ಮಾತ್ರ ಉಂಗುರದಂತೆ ಹೊಳೆಯುತ್ತದೆ. ಗಡ್ಡೆಯಾದಲ್ಲಿ ಬಹುತೇಕ ಒಳಭಾಗವೂ ಹೊಳೆಯುತ್ತದೆ. ಆದರೆ ಕೆಲವು ಗಡ್ಡೆಗಳು ಹಾಗೂ ಕೀವುಗಡ್ಡೆಗಳು ಸಹ ಉಂಗುರದಂತೆ ತೋರುವುದರಿಂದ, ಶಸ್ತ್ರಚಿಕಿತ್ಸೆಯಲ್ಲಿ ಅಥವಾ ಸೂಜಿಯ ಮೂಲಕ ತೆಗೆದ ಅಂಗಾಂಶದ ಪರೀಕ್ಷೆಯೇ ಅಂತಿಮ ನಿರ್ಣಯವಾಗಿರುತ್ತದೆ.

ಮೂತ್ರಪಿಂಡದ ಕಾಯಿಲೆ, ಗರ್ಭಾವಸ್ಥೆ, ದೇಹದಲ್ಲಿ ಪೇಸ್‌ಮೇಕರ್ ಅಥವಾ ಲೋಹದ ಸಾಧನ ಇದ್ದಲ್ಲಿ ಪರೀಕ್ಷೆಗೆ ಮುನ್ನ ತಿಳಿಸತಕ್ಕದ್ದು.

ಬೆನ್ನುಮೂಳೆಯ ಕ್ಷಯರೋಗವೂ ಗಡ್ಡೆಯನ್ನು ಹೋಲಬಹುದು. ಅದು ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಕಶೇರುಕಗಳನ್ನೂ ನಡುವಿನ ಡಿಸ್ಕನ್ನೂ ಬಾಧಿಸುತ್ತದೆ; ಹರಡಿದ ಕ್ಯಾನ್ಸರ್‌ನಲ್ಲಿ ಡಿಸ್ಕ್ ಹೆಚ್ಚಾಗಿ ಉಳಿದಿರುತ್ತದೆ. ಸಂಜೆಯ ಜ್ವರ, ತೂಕ ಇಳಿಕೆ, ರಾತ್ರಿ ವಿಶ್ರಾಂತಿಯಲ್ಲೂ ಕಡಿಮೆಯಾಗದ ನೋವು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಬಂದಿದ್ದ ವಿವರವನ್ನು ವೈದ್ಯರಿಗೆ ಮರೆಮಾಚದೆ ತಿಳಿಸುವುದು. ಕ್ಷಯರೋಗದ ಪರೀಕ್ಷೆ ಮತ್ತು ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿರುತ್ತವೆ.

3. ತುರ್ತು ಲಕ್ಷಣಗಳು

ಮೂತ್ರ ಕಟ್ಟುವುದು, ಮಲಮೂತ್ರದ ಹತೋಟಿ ತಪ್ಪುವುದು, ಗುದದ್ವಾರದ ಸುತ್ತ ಸ್ಪರ್ಶಜ್ಞಾನ ಕಳೆದುಕೊಳ್ಳುವುದು, ಕಾಲುಗಳ ಶಕ್ತಿ ದಿನೇ ದಿನೇ ಕುಂದುವುದು ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ತೆರಳುವುದು. ವಿಳಂಬದಿಂದ ಶಾಶ್ವತ ಅಂಗವೈಕಲ್ಯ ಉಂಟಾಗಬಹುದು. ಬೆನ್ನು ನೀವಿಸುವುದು, ತುಳಿಸುವುದು ಸಲ್ಲದು. ಈ ಲಕ್ಷಣಗಳಿಲ್ಲದಿದ್ದಲ್ಲಿ, ಬೇರ್ಪಟ್ಟ ಡಿಸ್ಕ್ ತುಣುಕು ಎಷ್ಟೋ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕ್ರಮೇಣ ಕುಗ್ಗುತ್ತದೆ.

4. ಸೌಲಭ್ಯ ಪಡೆಯುವ ವಿಧಾನ

ಮೊದಲಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸುವುದು. ಅಗತ್ಯವಿದ್ದಲ್ಲಿ ಅಲ್ಲಿನ ವೈದ್ಯರು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಂತಹ ಉನ್ನತ ಆಸ್ಪತ್ರೆಗೆ ಶಿಫಾರಸು ಪತ್ರ ನೀಡುತ್ತಾರೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದೆ. ಇದರಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ ಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ 1.5 ಲಕ್ಷ ರೂ. ಮಿತಿಗೊಳಪಟ್ಟು ನೆರವು ದೊರೆಯುತ್ತದೆ. ನೋಂದಾಯಿತ ಆಸ್ಪತ್ರೆ ಬೇರೆ ಜಿಲ್ಲೆಯಲ್ಲಿದ್ದರೂ ಯೋಜನೆ ಅನ್ವಯಿಸುತ್ತದೆ. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರ ಕಡ್ಡಾಯವಲ್ಲ.

ಜೊತೆಯಲ್ಲಿ ತರಬೇಕಾದವು:
- ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ
- ವೈದ್ಯರ ಶಿಫಾರಸು ಪತ್ರ
- ಹಿಂದಿನ ಎಲ್ಲಾ ವರದಿಗಳು ಹಾಗೂ ಎಂ.ಆರ್.ಐ. ಫಿಲ್ಮ್‌ಗಳು

ವರದಿಯ ಪ್ರತಿ ಮಾತ್ರ ಸಾಲದು. ಹಳೆಯ ಫಿಲ್ಮ್‌ಗಳನ್ನು ಹೊಸದರೊಂದಿಗೆ ಹೋಲಿಸಿದಾಗ ತುಣುಕು ಕುಗ್ಗಿದೆಯೇ, ಬೆಳೆದಿದೆಯೇ ಎಂಬುದು ತಿಳಿಯುತ್ತದೆ. ಹೆಚ್ಚಿನ ಮಾಹಿತಿಗಾಗಿ ಆರೋಗ್ಯ ಸಹಾಯವಾಣಿ 104ನ್ನು ಸಂಪರ್ಕಿಸಲು ಕೋರಲಾಗಿದೆ.