ದಿನದ ಪಾಲು: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಗ್ರಂಥ ಮುಗಿಸುವ ನೇಮ

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಭೀಮೆಯು ಜೇವರ್ಗಿ ಸೀಮೆಯತ್ತ ಸಾಗುತ್ತದೆ. ಈ ನದಿಗಳ ಆಸುಪಾಸಿನ ಬರವಣಿಗೆಯ ಚರಿತ್ರೆಯನ್ನು ನೋಡಿದರೆ, ಗ್ರಂಥವೊಂದನ್ನು ಕೊನೆ ಮುಟ್ಟಿಸುವ ಕೆಲಸವು ಕವಿಯ ಪ್ರತಿಭೆಯೊಂದನ್ನೇ ನೆಚ್ಚಿಕೊಂಡಿರಲಿಲ್ಲವೆಂದೂ, ಅದರ ಬೆನ್ನಿಗೆ ನೇಮ, ಅಂದರೆ ದಿನಕ್ಕೆ ಇಷ್ಟೆಂದು ಗೊತ್ತುಮಾಡಿಕೊಂಡು ತಪ್ಪದೆ ನಡೆಸುವ ವ್ರತ, ನಿಂತಿತ್ತೆಂದೂ ತಿಳಿಯುತ್ತದೆ.

ಕಾಗದ ಬಳಕೆಗೆ ಬರುವ ಮುನ್ನ ಬರೆಯುವ ಸಾಮಗ್ರಿಯೇ ಈ ನೇಮವನ್ನು ಬೇಡುತ್ತಿತ್ತು. ತಾಳೆಗರಿಯನ್ನು ಕುದಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ರಂಧ್ರ ಕೊರೆದ ಮೇಲೆ ಲಿಪಿಕಾರನು ಕಂಟವೆಂಬ ಮೊನಚಾದ ಲೋಹದ ಕಡ್ಡಿಯಿಂದ ಅಕ್ಷರಗಳನ್ನು ಕೊರೆಯುತ್ತಿದ್ದನು. ಆಮೇಲೆ ಮಸಿ ಸವರಿ ಒರೆಸಿದಾಗಲೇ ಬರಹ ಎದ್ದು ಕಾಣುತ್ತಿತ್ತು. ಕೊರೆದ ಅಕ್ಷರವನ್ನು ಅಳಿಸಲಾಗದ ಕಾರಣ ಅವಸರಕ್ಕೆ ಅಲ್ಲಿ ಎಡೆಯಿರಲಿಲ್ಲ. ಓಲೆಗ್ರಂಥಗಳ ಕೊನೆಯಲ್ಲಿ ಬರುವ ಸಮಾಪ್ತಿವಾಕ್ಯದಲ್ಲಿ, ಎಂದರೆ ಬರಹ ಮುಗಿದುದನ್ನು ಸಾರುವ ಟಿಪ್ಪಣಿಯಲ್ಲಿ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳ ಜೊತೆಗೆ ಸೊಂಟ ಕತ್ತುಗಳ ನೋವನ್ನು ಸಹಿಸಿ ಬರೆದ ಈ ಪ್ರತಿಯನ್ನು ಜೋಪಾನ ಮಾಡಬೇಕೆಂಬ ಬಿನ್ನಹವೂ ಹಲವೆಡೆ ಇರುತ್ತದೆ. ಇದೇ ಕಲಬುರಗಿ ಸೀಮೆಯ ಮಾನ್ಯಖೇಟದ ಆಸ್ಥಾನದಲ್ಲಿದ್ದ ಪೊನ್ನನ ಶಾಂತಿಪುರಾಣವನ್ನು 10ನೆಯ ಶತಮಾನದ ಕೊನೆಯ ಹೊತ್ತಿಗೆ ಅತ್ತಿಮಬ್ಬೆಯು 1000 ಪ್ರತಿ ಬರೆಯಿಸಿ ಹಂಚಿದಳೆಂಬ ಪ್ರಸಿದ್ಧ ಸಂಗತಿಯ ಹಿಂದೆ, ಹೆಸರು ಉಳಿಯದ ಎಷ್ಟು ಜನ ಲಿಪಿಕಾರರ ದಿನನಿತ್ಯದ ದುಡಿಮೆ ಇದ್ದಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಈ ಸೀಮೆಯಲ್ಲಿ ಮೂಡಿದ ದೊಡ್ಡ ಗ್ರಂಥವೆಂದರೆ ಗುರುಚರಿತ್ರೆ. 15ನೆಯ ಶತಮಾನದಲ್ಲಿ ಗಾಣಗಾಪುರದಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿ ಯತಿಗಳ ಚರಿತ್ರೆಯನ್ನು ಹೇಳುವ ಇದರ ಕರ್ತೃ ಸರಸ್ವತಿ ಗಂಗಾಧರನು, ಈಗ ಆಳಂದ ತಾಲೂಕಿನಲ್ಲಿರುವ ಕಡಗಂಚಿಯ ಸಾಯಂದೇವನ ವಂಶದವನು. ಸಾಯಂದೇವ, ನಾಗನಾಥ, ದೇವರಾವ್, ಗಂಗಾಧರ, ಸರಸ್ವತಿ ಎಂಬ ತಲೆಮಾರುಗಳನ್ನು ಗ್ರಂಥವೇ ಹೇಳುತ್ತದೆ. ಗ್ರಂಥವನ್ನು 15ನೆಯ ಶತಮಾನದ ಕೊನೆಗೆ ಸೇರಿಸುವುದು ವಾಡಿಕೆಯಾದರೂ, ಯತಿಗಳನ್ನು ಕಣ್ಣಾರೆ ಕಂಡ ಸಾಯಂದೇವನಿಂದ ಕವಿ ಐದನೆಯವನೆಂಬುದನ್ನು ಗಮನಿಸಿದರೆ 16ನೆಯ ಶತಮಾನವೇ ಹೆಚ್ಚು ಒಪ್ಪುತ್ತದೆ. ಭಾಷೆ ಮರಾಠಿ, ಛಂದಸ್ಸು ಓವಿ, ಅಂದರೆ ಪ್ರಾಸವುಳ್ಳ ಮೂರು ಪಾದಗಳ ಮೇಲೆ ಗಿಡ್ಡದಾದ ನಾಲ್ಕನೆಯ ಪಾದ ಬರುವ ಪದ್ಯ. ಆದರೆ ಮರಾಠಿ ತನ್ನ ಮಾತಲ್ಲವೆಂಬ ವಿನಯದ ನುಡಿ ಗ್ರಂಥದೊಳಗೇ ಇದೆ, 41ನೆಯ ಅಧ್ಯಾಯದಲ್ಲಿ ಸಾಯಂದೇವನ ಬಾಯಿಂದ ಕನ್ನಡ ಸ್ತುತಿಯೂ ಬರುತ್ತದೆ. ಮನೆಮಾತು ಕನ್ನಡವಾಗಿದ್ದವನೊಬ್ಬನು ಇನ್ನೊಂದು ಭಾಷೆಯಲ್ಲಿ ಏಳು ಸಾವಿರಕ್ಕೂ ಮಿಕ್ಕ ಓವಿಗಳನ್ನು ಕಟ್ಟಿ ಮುಗಿಸಿದ್ದು ಸಣ್ಣ ಸಾಧನೆಯಲ್ಲ.

ಗ್ರಂಥದ ಕಟ್ಟಡವೂ ಗಮನಾರ್ಹವಾದುದು. ನಾಮಧಾರಕನೆಂಬ ಶಿಷ್ಯನು ಕೇಳುತ್ತಾನೆ, ಸಿದ್ಧನು ಹೇಳುತ್ತಾನೆ. ಒಂದು ಪ್ರಶ್ನೆಗೆ ಒಂದು ಕಥೆ, ಒಂದು ಕಥೆಗೆ ಒಂದು ಅಧ್ಯಾಯ ಎಂಬಂತೆ ಸಾಗುವ ಈ ಕ್ರಮವು ಕೇಳುವವರಿಗೆ ಅನುಕೂಲವಾಗಿರುವಂತೆಯೇ ಬರೆಯುವವನಿಗೂ ನಿಲ್ಲುವ ಜಾಗವನ್ನು ಒದಗಿಸುತ್ತದೆ. ಪ್ರಚಲಿತ ಪಾಠದಲ್ಲಿ ಅವತರಣಿಕೆ, ಎಂದರೆ ಇಡೀ ಗ್ರಂಥದ ಸಾರವನ್ನು ಹೇಳುವ ಕೊನೆಯ ಭಾಗವೂ ಸೇರಿ 53 ಅಧ್ಯಾಯಗಳಿದ್ದು, ಸಪ್ತಾಹವೆಂಬ ಏಳು ದಿನದ ಪಾರಾಯಣದಲ್ಲಿ ದಿನದ ಪಾಲು 9, 21, 29, 35, 38, 43 ಮತ್ತು 53ನೆಯ ಅಧ್ಯಾಯಗಳಿಗೆ ನಿಲ್ಲುತ್ತದೆ. ಎರಡನೆಯ ದಿನ ಹನ್ನೆರಡು ಅಧ್ಯಾಯಗಳಾದರೆ ಐದನೆಯ ದಿನ ಮೂರೇ ಮೂರು, ಏಕೆಂದರೆ ಆಚಾರಧರ್ಮವನ್ನು ವಿವರಿಸುವ 36ನೆಯ ಅಧ್ಯಾಯ ಬಲು ದೀರ್ಘವಾದುದು. ಎಣಿಕೆಯನ್ನು ಬಿಟ್ಟು ಭಾರವನ್ನು ನೋಡಿ ಪಾಲು ಹಂಚಿದ ಈ ವಿವೇಕವು, ದಿನಕ್ಕೆ ಇಷ್ಟು ಪುಟವೆಂದು ಕಟ್ಟುನಿಟ್ಟು ಮಾಡಿಕೊಂಡು ನಡುವೆ ಕೈಬಿಡುವ ಇಂದಿನ ಬರಹಗಾರರಿಗೆ ನಿಜಕ್ಕೂ ಉಪಯುಕ್ತವಾದುದು.

ಜೇವರ್ಗಿ ಸೀಮೆಯ ಪರಂಪರೆ ಬೇರೊಂದು ದಾರಿ ಹಿಡಿಯಿತು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರು 19ನೆಯ ಶತಮಾನದ ಮೊದಲರ್ಧದಲ್ಲಿ ತತ್ವಪದಗಳನ್ನು, ಅಂದರೆ ಅನುಭಾವವನ್ನು ಆಡುಮಾತಿನಲ್ಲಿ ಹೇಳುವ ಹಾಡುಗಳನ್ನು ರಚಿಸಿದರು. ಅವರ ಶಿಷ್ಯವರ್ಗದಲ್ಲಿ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪರಂಥವರು ಜಾತಿಮತಗಳ ಗೆರೆ ದಾಟಿ ಪದ ಕಟ್ಟಿದರು. ಇಲ್ಲಿ ಗ್ರಂಥ ಮುಗಿಸುವ ಹೊಣೆ ಪದ ಕಟ್ಟಿದವರಿಗಿಂತ ಹಾಡುವವರ ಮೇಲೆ ಬಿತ್ತು. ಅಮಾವಾಸ್ಯೆ, ಹುಣ್ಣಿಮೆಗಳ ರಾತ್ರಿ ಏಕತಾರಿ, ತಾಳಗಳೊಡನೆ ಭಜನೆಗೆ ಕೂಡುತ್ತಿದ್ದ ಮೇಳದವರು ಗುರುಗಳಿಂದ ಕಲಿತ ಪದಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸಿಕೊಂಡರು. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದು, ಆಡಳಿತಕ್ಕೂ ಮೇಲಿನ ಶಿಕ್ಷಣಕ್ಕೂ ಉರ್ದುವೇ ಮಾಧ್ಯಮವಾಗಿದ್ದಾಗ, ಮಠದಲ್ಲಿ ಕಲಿತ ಅಕ್ಷರದಿಂದ ತುಂಬಿಸಿದ ಇಂಥ ಪದದ ಪುಸ್ತಕಗಳು ಕನ್ನಡ ಬರವಣಿಗೆಯನ್ನು ಕಾಪಾಡಿದವೆಂದರೆ ಉತ್ಪ್ರೇಕ್ಷೆಯಲ್ಲ. ಪದಗಳು ಹಾಡುವವರ ಬಾಯಿಂದ ಕಾಗದಕ್ಕೆ ಇಳಿದುದರಿಂದಲೇ ಒಂದೇ ಪದ ಒಂದು ಊರಿನ ಪುಸ್ತಕದಲ್ಲಿ ಒಂದು ನುಡಿ ಹೆಚ್ಚಾಗಿಯೂ ಇನ್ನೊಂದು ಊರಿನಲ್ಲಿ ಸಾಲು ಹಿಂದುಮುಂದಾಗಿಯೂ ದೊರೆಯುತ್ತದೆ. ಮುಂದೆ ತತ್ವಪದಗಳನ್ನು ಸಂಗ್ರಹಿಸಿ ಅಚ್ಚಿಗೆ ಸಿದ್ಧಪಡಿಸಿದ ವಿದ್ವಾಂಸರು ಹಾಡುಗಾರರ ಬಾಯಿಪಾಠದ ಜೊತೆಗೆ ಈ ಕೈಬರಹದ ಪುಸ್ತಕಗಳನ್ನೂ ಹೋಲಿಸಿ ನೋಡಬೇಕಾಯಿತು.