ಗೇಮ್ ಬಾಯ್ ಆಟಗಳನ್ನು ಕಾಪಾಡಿದವರು

1989ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಗೇಮ್ ಬಾಯ್‌ನ ಚರಿತ್ರೆ ಇಂದಿಗೂ ನಮ್ಮ ಕೈಗೆಟುಕುತ್ತಿದ್ದರೆ, ಅದರ ಶ್ರೇಯದ ದೊಡ್ಡ ಪಾಲು ತಯಾರಕರಿಗಿಂತ ಸಂಗ್ರಾಹಕರಿಗೆ ಸಲ್ಲಬೇಕು. ಗುನ್‌ಪೇ ಯೊಕೊಯಿ ಅವರ ತಂಡ ರೂಪಿಸಿದ ಈ ಯಂತ್ರಕ್ಕೆ ದೇಶವಾರು ಬೀಗವಿರಲಿಲ್ಲ. ಜಪಾನಿನ ಕಾರ್ಟ್ರಿಡ್ಜ್ ಅಮೆರಿಕದ ಗೇಮ್ ಬಾಯ್‌ನಲ್ಲೂ ಓಡುತ್ತಿತ್ತು. ಸಂಗ್ರಾಹಕರ ಹುಡುಕಾಟಕ್ಕೆ ದಾರಿ ತೆರೆದದ್ದೇ ಇದು. 1992ರ 'ಕಾಏರು ನೊ ತಮೆ ನಿ ಕಾನೆ ವಾ ನಾರು' ಆಟವನ್ನೇ ನೋಡಿ. ಜಪಾನಿನಾಚೆ ಅದು ಮಾರಾಟವಾಗಲೇ ಇಲ್ಲ. ಆದರೆ ಅದರ ರಾಜಕುಮಾರ ರಿಚರ್ಡ್ ಮರುವರ್ಷದ ಜಗತ್ಪ್ರಸಿದ್ಧ 'ಲಿಂಕ್ಸ್ ಅವೇಕನಿಂಗ್'ನಲ್ಲಿ ಕಾಣಿಸಿಕೊಂಡ. ಮೊದಲನೆಯದನ್ನು ಅರಿಯದೆ ಎರಡನೆಯದರ ಹುಟ್ಟು ಪೂರ್ತಿ ತಿಳಿಯದು. ಆ ಮೊದಲ ಆಟವನ್ನು ಇಂಗ್ಲಿಷಿಗೆ ತಂದವರೂ ಅಭಿಮಾನಿಗಳೇ, ಎಷ್ಟು ಶ್ರದ್ಧೆಯ ಕೆಲಸ!

ಹಳೆಯ ಆಟಗಳನ್ನು ಕಂಪನಿಗಳೇ ಮರಳಿ ತರುತ್ತಿವೆಯಲ್ಲ ಎನ್ನಬಹುದು. ನಿಜ, ತರುತ್ತಿವೆ, ಆದರೆ ಆಯ್ದ ಕೆಲವನ್ನು ಮಾತ್ರ. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ವಿಡಿಯೊ ಗೇಮ್‌ಗಳಲ್ಲಿ 87% ಈಗ ಮಾರುಕಟ್ಟೆಯಲ್ಲಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತೋರಿಸಿತು. ಅದೇ ವರ್ಷ ನಿಂಟೆಂಡೊ 3ಡಿಎಸ್ ಎಂಬ ಆಟದ ಯಂತ್ರದ ಆನ್‌ಲೈನ್ ಅಂಗಡಿಯಲ್ಲಿ ಖರೀದಿ ನಿಂತು, ಅಲ್ಲಿದ್ದ ಗೇಮ್ ಬಾಯ್ ಆಟಗಳೂ ಮರೆಯಾದವು. ಸಂಗ್ರಹದ ಹುಚ್ಚು ಬೆಲೆ ಏರಿಸಿ ಸಾಮಾನ್ಯರನ್ನು ದೂರವಿಡುತ್ತದೆ ಎಂಬ ಆಕ್ಷೇಪ ಆ ಮೊದಲ ಮಾತಿಗಿಂತ ಗಟ್ಟಿಯಾದದ್ದು. ಮೊಹರು ಒಡೆಯದ ಪೆಟ್ಟಿಗೆಯನ್ನು ಗಾಜಿನೊಳಗಿಟ್ಟು ಬೆಲೆ ಕಾಯುವವರನ್ನು ನಾನು ಸಮರ್ಥಿಸಲಾರೆ. ಆದರೆ ಕಾರ್ಟ್ರಿಡ್ಜ್ ಬಿಚ್ಚಿ, ಆಟದ ಪ್ರಗತಿಯನ್ನು ಉಳಿಸಿಡುವ ಸವೆದ ಬ್ಯಾಟರಿ ಬದಲಿಸಿ, ಚಿಪ್‌ನಲ್ಲಿರುವುದನ್ನು ಓದಿ ದಾಖಲಿಸುವವರು ಬೇರೆಯೇ ಜನ. ಮುಂದಿನ ಇತಿಹಾಸಕಾರರಿಗೆ ಆಕರ ಒದಗಿಸುತ್ತಿರುವವರು ಅವರೇ.