ಐನ್‌ಮನೆಗೆ ಬಾಡಿಗೆ ಏಕಿಲ್ಲ?

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ‘ಶಾಟೊ’ ಎಂಬ ಹಳೆಯ ಮಹಲುಗಳಿವೆ. ಮಾಡು ಸೋರದಂತೆ ನೋಡಿಕೊಳ್ಳುವುದಕ್ಕೇ ಹೈರಾಣಾದ ಒಡೆಯರು ಅನೇಕ ಮಹಲುಗಳನ್ನು ರಜಾದಿನಗಳಿಗೆ ಬಾಡಿಗೆಗೆ ಕೊಡುತ್ತಾರೆ. ಇಪ್ಪತ್ತು ಮೂವತ್ತು ಜನರ ಬಳಗ ಇಡೀ ಮಹಲನ್ನೇ ವಾರಕ್ಕೆ ಹಿಡಿಯುವುದುಂಟು. ಕೊಡಗಿಗೆ ಹೋಗುವ ದೊಡ್ಡ ಬಳಗಕ್ಕೂ ಇಂಥದೇ ಒಂದು ಹಳೆಯ ಮನೆ ಬೇಕೆನಿಸುತ್ತದೆ. ಸಿಗುವುದು ಮಾತ್ರ ಸಾಮಾನ್ಯವಾಗಿ ತೋಟದ ಬಂಗಲೆ.

ಅರಮನೆ ಇಲ್ಲವೆಂದಲ್ಲ. ಕಕ್ಕಬ್ಬೆಯ ಬಳಿ ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ. ನೋಡಿ ಬರಬಹುದು, ತಂಗುವ ಜಾಗವಲ್ಲ.

ಬಂಗಲೆಯ ಕಥೆ ಶುರುವಾಗುವುದು ಅರಸೊತ್ತಿಗೆ ಮುಗಿದ ಮೇಲೆ. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. ಅವನ ಹಿಂದೆ ಬಂದ ದೊರೆಗಳು ಅಗಲ ವರಾಂಡ, ಎತ್ತರದ ಮಾಡು, ಚಳಿಗೆ ಬೆಂಕಿಗೂಡು ಇರುವ ಮನೆಗಳನ್ನು ಕಟ್ಟಿಕೊಂಡರು. ಒಬ್ಬ ದೊರೆ, ಅವನ ಸಂಸಾರ, ಅಪರೂಪಕ್ಕೆ ಬರುವ ಅತಿಥಿ. ಮನೆಯ ಲೆಕ್ಕಾಚಾರ ಅಷ್ಟೇ. ಇಂದು ಅಲ್ಲಿ ಬಳಗಗಳು ಇಳಿಯುವುದಕ್ಕೆ ಕಾರಣ ಸರಳ: ಬಂಗಲೆಗೆ ಒಬ್ಬ ಮಾಲೀಕ, ಇಲ್ಲವೇ ಒಂದು ಕಂಪನಿ. ಒಂದು ರುಜು ಸಾಕು.

ನಿಜಕ್ಕೂ ದೊಡ್ಡ ಬಳಗಕ್ಕೆಂದೇ ಕಟ್ಟಿದ ಮನೆ ಐನ್‌ಮನೆ. ಒಬ್ಬ ಮೂಲಪುರುಷನಿಂದ ಬೆಳೆದ ವಂಶಕ್ಕೆ ಕೊಡವರು ‘ಒಕ್ಕ’ ಎನ್ನುತ್ತಾರೆ; ಒಕ್ಕದ ಹೆಸರೇ ಮನೆತನದ ಹೆಸರು. ಗದ್ದೆಯ ಅಂಚಿನಿಂದ ಓಣಿ ಹಿಡಿದು ಹೋದರೆ ಮೊದಲು ಸಿಗುವುದು ಕೈಯಾಲೆ, ಅಂದರೆ ಜಗಲಿ. ಅಲ್ಲಿ ಕಂಬಗಳ ನಡುವೆ ಹಾಸಿದ ದಪ್ಪ ಹಲಗೆಯೇ ಐಮರ, ಹಿರಿಯರ ಪೀಠ. ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ. ಮೂಲೆಯ ಕನ್ನಿಕೊಂಬರೆ ಗುರುಹಿರಿಯರ ಕೋಣೆ. ಹಿಂದೆ ಹತ್ತಾರು ಜನ ಇಲ್ಲಿ ಒಂದೇ ಅಡುಗೆ ಉಂಡು ಬಾಳಿದರು. ಕಾಫಿ ಬೆಳೆದಂತೆ ಸಂಸಾರಗಳು ತಂತಮ್ಮ ತೋಟಗಳಿಗೆ ಚೆದುರಿದವು, ಆಮೇಲೆ ಮೈಸೂರು ಬೆಂಗಳೂರುಗಳಿಗೆ.

ಈ ಮನೆಯನ್ನು ಬಾಡಿಗೆಗೆ ಕೇಳುವುದು ಯಾರನ್ನು? ಒಕ್ಕದ ಹಿರಿಯನಾದ ಪಟ್ಟೆದಾರ ಮನೆಯ ಯಜಮಾನನೇ ಹೊರತು ಒಡೆಯನಲ್ಲ. ಮನೆ ಇಡೀ ಒಕ್ಕದ್ದು, ಮುಂದೆ ಹುಟ್ಟುವವರದ್ದೂ ಹೌದು. ಕಾರಣರಿಗೆ, ಎಂದರೆ ಗತಿಸಿದ ಹಿರಿಯರಿಗೆ, ಎಡೆಯಿಡುವ ಮನೆಯಲ್ಲಿ ಹಣ ಕೊಟ್ಟವರು ಗದ್ದಲ ಮಾಡಿಯಾರೆಂಬ ಅಳುಕು ಬೇರೆ. ಅಳುಕು ನ್ಯಾಯವಾದದ್ದೇ. ಆದರೆ ಕೊಡಗಿನ ಮಳೆ ಯಾರ ಭಾವನೆಯನ್ನೂ ಕೇಳುವುದಿಲ್ಲ. ಜನ ವಾಸವಿಲ್ಲದ ಮನೆಯಲ್ಲಿ ಒಂದು ಹೆಂಚು ಸರಿದರೆ ಮರದ ತೊಲೆಗೆ ಗೆದ್ದಲು ಹತ್ತುತ್ತದೆ. ಕೆಲವು ಒಕ್ಕಗಳು ಹಳೆಯದನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿಕೊಂಡಿವೆ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಮನೆಮನೆ ಸುತ್ತಿ ಐನ್‌ಮನೆಗಳ ವಿವರ ದಾಖಲಿಸಿದ್ದು ಈ ಕಾರಣಕ್ಕೇ ಬೆಲೆಯುಳ್ಳದ್ದು. ಕೆಡವಿದ ಮನೆಯ ಕೆತ್ತನೆಯ ಕಂಬ ಮತ್ತೆ ಹುಟ್ಟುವುದಿಲ್ಲ.

ಪುತ್ತರಿಯ ರಾತ್ರಿ ಮಾತ್ರ ಮನೆ ತುಂಬುತ್ತದೆ. ಊರೂರುಗಳಿಂದ ಬಂದವರು ಗದ್ದೆಗಿಳಿದು ಹೊಸ ಕದಿರು ತಂದು ಕಂಬಕ್ಕೆ ಕಟ್ಟುತ್ತಾರೆ. ಊಟವಾದ ಮೇಲೆ ಕೈಯಾಲೆಯಲ್ಲಿ ಕುಳಿತ ಹಿರಿಯರ ನಡುವೆ ಹೆಂಚಿನ ಖರ್ಚಿನ ಮಾತೂ ಬರುತ್ತದೆ.